ಬೇಸಿಗೆಯಲ್ಲಿ ಏರಿದ ಗೆರೆ

ಹಟ್ಟಿ ಬಂಗಾರದ ಗಣಿಯ ಕಂಪನಿ ಮನೆಯ ಹಿತ್ತಲಲ್ಲಿ ಬಟ್ಟೆ ನೆನೆಹಾಕುವುದಕ್ಕೆ ನಮಗೆ ಎರಡು ಬಕೀಟುಗಳಿದ್ದವು: ಒಂದು ಮನೆಮಂದಿಗೆಲ್ಲ, ಇನ್ನೊಂದು ಅಪ್ಪನೊಬ್ಬನಿಗೆ. ಪಾಳಿ ಮುಗಿಸಿ ಬಂದ ಅಪ್ಪನ ಖಾಕಿ ಅಂಗಿಯನ್ನು ಅವ್ವ ಆ ಎರಡನೆಯ ಬಕೀಟಿನಲ್ಲಿ ಅದ್ದಿ, ಒಂದಿಷ್ಟು ಹೊತ್ತು ಹಾಗೇ ಬಿಟ್ಟು, ಮೇಲಿನ ನೀರನ್ನು ಬೇವಿನ ಗಿಡಕ್ಕೆ ಸುರಿದು, ತಳದಲ್ಲಿ ಉಳಿದ ಬೂದುಬಣ್ಣದ ನುಣ್ಣನೆಯ ಕೆಸರನ್ನು ಬೆರಳಿನಿಂದ ಒಮ್ಮೆ ಸವರಿ ನೋಡಿ ಚೆಲ್ಲುತ್ತಿದ್ದಳು. ನೆಲದ ಮೇಲಿನ ನಮ್ಮ ಮಣ್ಣು ಕೆಂಪಿರುತ್ತಿತ್ತು, ಸಿಂಧನೂರಿನ ಕಡೆ ಹೋದರೆ ಕಪ್ಪು ಎರೆ. ಈ ಬೂದು ಕೆಸರು ಮಾತ್ರ ನೆಲದ ಹೊಟ್ಟೆಯೊಳಗಿನದು. ಅಪ್ಪ ಮೂವತ್ತು ವರ್ಷ ಇಳಿದುಹೋಗುತ್ತಿದ್ದ ಆ ಲೋಕದಿಂದ ನಮ್ಮ ಮನೆಗೆ ಬರುತ್ತಿದ್ದ ಸುದ್ದಿ ಅಷ್ಟೇ, ಒಂದು ಹಿಡಿ ಕೆಸರು.

ಅಪ್ಪ ಬಂಡೆಗೆ ತೂತು ಕೊರೆಯುವ ಯಂತ್ರ ಹಿಡಿಯುತ್ತಿದ್ದ. ಮನೆಗೆ ಬಂದಮೇಲೆ ಗಣಿಯ ಮಾತೆತ್ತುತ್ತಿರಲಿಲ್ಲ. ಅವ್ವ ಕೇಳಿದರೆ, ಕಲ್ಲೈತಿ, ಕತ್ತಲೈತಿ, ಮತ್ತೇನಿರ್ತೈತಿ ಎಂದು ರೊಟ್ಟಿ ಮುರಿಯುತ್ತಿದ್ದ. ಹೆಂಗಸರು ಗಣಿಯೊಳಗೆ ಇಳಿದು ಕೆಲಸ ಮಾಡಬಾರದೆಂಬ ಕಾಯಿದೆ ಆಗಿನ್ನೂ ಇತ್ತು. ಆದ್ದರಿಂದ ಗಂಡ ಇಳಿಯುವ ಜಾಗವನ್ನು ಅವ್ವ ಕಣ್ಣಿನಿಂದ ಕಂಡವಳಲ್ಲ, ಕಾಣುವ ಆಸೆಯನ್ನು ಬಾಯಿಬಿಟ್ಟು ಹೇಳಿದವಳೂ ಅಲ್ಲ. ನಿವೃತ್ತಿಯಾದ ಎರಡು ವರ್ಷಕ್ಕೆ ಅಪ್ಪ ಎದೆನೋವಿನಿಂದ ತೀರಿಕೊಂಡ. ಹೇಳದೆ ಉಳಿಸಿಕೊಂಡಿದ್ದನ್ನೆಲ್ಲ ಜೊತೆಯಲ್ಲೇ ಒಯ್ದ.

ನಾನು ಭೌತಶಾಸ್ತ್ರ ಓದಿದೆ. ಈಗ ಸಿಂಧನೂರಿನ ಒಂದು ಪದವಿ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಅವ್ವ ನನ್ನ ಜೊತೆಗೇ ಇದ್ದಾಳೆ. ಸುಗ್ಗಿಯ ಕಾಲಕ್ಕೆ ರೈಸ್‌ಮಿಲ್ಲುಗಳ ಹೊಟ್ಟಿನ ದೂಳು ನಮ್ಮ ಅಟ್ಟದ ಮೇಲೂ ಕೂರುತ್ತದೆ, ಗೊರೇಬಾಳದ ಕಡೆಯಿಂದ ಬರುವ ವಿದ್ಯಾರ್ಥಿನಿಯರ ಚೀಲಗಳಲ್ಲಿ ಭತ್ತದ ಕಾಳು ಸಿಗುತ್ತವೆ. ಹೀಗೆ ಬದುಕು ಹದವಾಗಿ ಸಾಗುತ್ತಿರುವಾಗ ದೂರದ ಊರಿನಲ್ಲಿರುವ ನನ್ನ ಪಿಎಚ್.ಡಿ. ಗುರುಗಳು ಒಂದು ದಿನ ಫೋನು ಮಾಡಿ, ನಿಮ್ಮ ಕಡೆಯ ಗಣಿಯಲ್ಲಿ ಒಂದು ಸಣ್ಣ ಶೋಧಕವನ್ನು ಇಟ್ಟು ನೋಡಬಹುದೇ, ಅನುಮತಿ ಸಿಕ್ಕಿದೆ, ಹತ್ತಿರದಲ್ಲಿದ್ದು ನೋಡಿಕೊಳ್ಳುವವರು ಬೇಕು ಎಂದರು. ಕಪ್ಪು ದ್ರವ್ಯವನ್ನು ಹುಡುಕುವ ಕೆಲಸಕ್ಕೆ ಆ ಜಾಗ ತಕ್ಕದ್ದೇ ಎಂದು ತಿಳಿಯುವ ಪ್ರಯೋಗ. ಕಾಯಿದೆ ಅಷ್ಟರಲ್ಲಿ ಸಡಿಲವಾಗಿತ್ತು. ಅಪ್ಪನ ಗಣಿಗೆ ನಾನು ಇಳಿಯಬಹುದಿತ್ತು.

ಕಪ್ಪು ದ್ರವ್ಯವೆಂದರೇನು ಎಂದು ನೀವು ಕೇಳುವ ಮೊದಲೇ ಅವ್ವ ಕೇಳಿದ್ದಳು. ಎರೆ ಮಣ್ಣಿನಂಗ ಕಪ್ಪೇನು ಎಂದಳು. ಅಲ್ಲ, ಹೆಸರೇ ತಪ್ಪು. ಕಪ್ಪಾಗಿದ್ದರೆ ಕಂಡಾದರೂ ಕಾಣುತ್ತಿತ್ತು, ಇದು ಬೆಳಕನ್ನು ತಡೆಯುವುದೂ ಇಲ್ಲ, ಬೀರುವುದೂ ಇಲ್ಲ. ಅವ್ವ ಮಸ್ಕಿಯ ಹತ್ತಿರದ ಹಳ್ಳಿಯವಳು. ಚಿಕ್ಕವಳಿದ್ದಾಗ ಜೋಳದ ಹೊಲದಲ್ಲಿ ಅಟ್ಟಣೆ ಏರಿ ಕವಣೆ ಬೀಸಿ ಹಕ್ಕಿ ಓಡಿಸಿದವಳು. ಅದನ್ನೇ ಹಿಡಿದು ಹೇಳಿದೆ: ಕವಣೆಯ ಕಲ್ಲನ್ನು ಜೋರಾಗಿ ತಿರುಗಿಸಿದಷ್ಟೂ ಹಗ್ಗ ಗಟ್ಟಿಯಿರಬೇಕು, ಇಲ್ಲದಿದ್ದರೆ ಕಲ್ಲು ಹರಿದುಕೊಂಡು ಹೋಗುತ್ತದೆ. ನಮ್ಮ ಸೂರ್ಯನಂಥ ಕೋಟಿ ಕೋಟಿ ನಕ್ಷತ್ರಗಳು ಒಂದು ನಡುವಿನ ಸುತ್ತ ಹಾಗೇ ತಿರುಗುತ್ತಿವೆ. ಅಂಚಿನ ನಕ್ಷತ್ರಗಳ ಓಟವನ್ನು ಅಳೆದರೆ, ಕಣ್ಣಿಗೆ ಕಾಣುವ ವಸ್ತುವೆಲ್ಲ ಸೇರಿ ಎಳೆದು ಹಿಡಿದರೂ ಸಾಲದು, ಅಷ್ಟು ವೇಗ. ಆದರೂ ಅವು ಹರಿದುಹೋಗಿಲ್ಲ.

ಅವ್ವ ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸಿ, “ಅಂದ್ರ ಕಲ್ಲು ತಿರಗಾಕತ್ತೈತಿ, ಹಗ್ಗ ಕಾಣವಲ್ದು,” ಎಂದಳು.

ಇಷ್ಟು ಚಿಕ್ಕದಾಗಿ ಇದನ್ನು ಹೇಳಿದವರನ್ನು ನಾನು ವಿಶ್ವವಿದ್ಯಾಲಯದಲ್ಲಿ ಕಂಡಿರಲಿಲ್ಲ. ಹಗ್ಗವೇ ಇಲ್ಲ, ಎಳೆತದ ನಿಯಮವೇ ಅಷ್ಟು ದೂರದಲ್ಲಿ ಬೇರೆಯಿರಬಹುದು ಎನ್ನುವವರೂ ಇದ್ದಾರೆ ಎಂಬುದನ್ನು ಅವಳಿಗೆ ಹೇಳಿದೆ, ನಿಮಗೂ ಹೇಳಬೇಕು. ಆದರೆ ಬಹಳ ಮಂದಿಯ ನಂಬಿಕೆ ಹಗ್ಗವಿದೆ ಎಂದೇ. ಅದು ಕಣಗಳಿಂದ ಆಗಿದ್ದರೆ, ಆ ಕಣಗಳು ಈ ಕ್ಷಣದಲ್ಲೂ ನಮ್ಮ ಮೈಯೊಳಗಿಂದ, ಗೋಡೆಯೊಳಗಿಂದ, ಸೌತೆಕಾಯಿಯೊಳಗಿಂದ ತಡೆಯಿಲ್ಲದೆ ಹಾಯುತ್ತಿರಬೇಕು. ತೀರ ಅಪರೂಪಕ್ಕೊಮ್ಮೆ ಒಂದು ಕಣ ಯಾವುದೋ ಪರಮಾಣುವಿನ ನಡುವಿಗೆ ತಾಗೀತು. ತಾಗಿದರೆ ಒಂದು ಹರಳಿನೊಳಗೆ ಮಿಣಕು ಬೆಳಕು ಹುಟ್ಟೀತು. ಅದನ್ನು ಕಾಯುವುದೇ ನಮ್ಮ ಕೆಲಸ. ನೆಲದ ಮೇಲೆ ಕಾಯುವಂತಿಲ್ಲ, ಯಾಕೆಂದರೆ ಆಕಾಶದಿಂದ ಬೀಳುವ ವಿಶ್ವಕಿರಣಗಳ ಗದ್ದಲ ಇಲ್ಲಿ ವಿಪರೀತ. ಸಂತೆಯ ನಡುವೆ ನಿಂತು ಇರುವೆಯ ಹೆಜ್ಜೆಯ ಸಪ್ಪಳ ಕೇಳಲಾದೀತೇ. ಅದಕ್ಕೇ ತಲೆಯ ಮೇಲೆ ನೂರಾರು ಅಡಿ ಬಂಡೆ ಬೇಕು.

ಹೀಗೆ ಭಾನುವಾರ ಬಂತೆಂದರೆ ನನ್ನ ದಾರಿ ಹಟ್ಟಿಯ ಕಡೆಗೆ. ಬೆಳಗಿನ ಬಸ್ಸು ಮಸ್ಕಿ ದಾಟಿ ಲಿಂಗಸುಗೂರಿಗೆ ಬರುವ ಹೊತ್ತಿಗೆ ಕಾಲುವೆಯ ಹಸಿರು ಮುಗಿದು ಕಲ್ಲುಗುಡ್ಡಗಳು ಶುರುವಾಗಿರುತ್ತಿದ್ದವು. ಅಲ್ಲಿ ಬಸ್ಸು ಬದಲಿಸಿ ಇನ್ನಷ್ಟು ದೂರ. ಗಣಿಯಲ್ಲಿ ನನ್ನನ್ನು ಕೆಳಗೆ ಕರೆದೊಯ್ಯುತ್ತಿದ್ದವರು ಹನುಮಂತ ಕಾಕಾ. ನೆಲದೊಳಗಿನ ಪಂಪು, ಫ್ಯಾನುಗಳನ್ನು ನೋಡಿಕೊಳ್ಳುವ ಕೆಲಸ ಅವರದು. ಅದಕ್ಕೆ ಮೊದಲು, ಹರೆಯದಲ್ಲಿ, ಅಪ್ಪನ ಜೊತೆ ಕೊರೆಯುವ ಯಂತ್ರ ಹಿಡಿದವರು. ನಿವೃತ್ತಿಗೆ ಎರಡು ವರ್ಷವೂ ಉಳಿದಿರಲಿಲ್ಲ. ಬೇರೆಯವರೆದುರು ಮೇಡಂ ಎನ್ನುತ್ತಿದ್ದರು, ಪಂಜರದಂಥ ಲಿಫ್ಟಿನ ಬಾಗಿಲು ಮುಚ್ಚಿಕೊಂಡದ್ದೇ ಯವ್ವಾ ಎನ್ನುತ್ತಿದ್ದರು.

ನಮಗೆ ಸಿಕ್ಕ ಜಾಗ ಒಂದು ಹಳೆಯ ಸುರಂಗದ ಕೊನೆ. ಸುರಂಗಕ್ಕೆ ಕಾಕಾ ಓಣಿ ಎನ್ನುತ್ತಿದ್ದರು, ನಿಮ್ಮ ಓಣಿ, ನಮ್ಮ ಓಣಿ ಎಂದು. ಕೆಲಸಗಾರರಿರುವ ಕಡೆಗೆಲ್ಲ ದೊಡ್ಡ ಫ್ಯಾನುಗಳ ಗಾಳಿ ಸದಾ ಹರಿಯುತ್ತದೆ. ನಮ್ಮದು ಆ ದಾರಿಯಿಂದ ಪಕ್ಕಕ್ಕೆ ಸರಿದ, ಯಾರೂ ಕೆಲಸ ಮಾಡದ ಒಂದು ಮೂಲೆ, ಸದ್ದಿಲ್ಲದ್ದು, ನಮಗೆ ಬೇಕಾದಂಥದ್ದೇ. ಒಂದು ಜನವರಿಯಲ್ಲಿ ಅಲ್ಲಿ ಹರಳನ್ನಿಟ್ಟೆವು. ಮುಷ್ಟಿಗಿಂತ ದೊಡ್ಡದಲ್ಲ, ಅಡುಗೆಯ ಉಪ್ಪಿನ ದಾಯಾದಿಯಂಥ ಒಂದು ಲವಣದ ಹರಳು. ಅದರ ಸುತ್ತ ತಾಮ್ರದ ಪೆಟ್ಟಿಗೆ, ಅದರ ಸುತ್ತ ಸೀಸದ ಇಟ್ಟಿಗೆಗಳ ಗೋಡೆ. ಬಂಡೆಯಿಂದ ಸದಾ ಒಸರುವ ರೇಡಾನ್ ಎಂಬ ವಿಕಿರಣಶೀಲ ಅನಿಲ ನಮ್ಮ ಹರಳಿಗೆ ಸುಳ್ಳು ಬೆಳಕು ತೋರಿಸಬಲ್ಲದು; ಅದನ್ನು ಅಲ್ಲಿಯ ಗಾಳಿಯಲ್ಲಿ ಅಳೆದೆ, ಬಹಳ ಕಡಿಮೆಯಿತ್ತು. ಪೆಟ್ಟಿಗೆಯೊಳಗೆ ಸಾರಜನಕವನ್ನು ಹರಿಸಿ ರೇಡಾನನ್ನು ಹೊರಗಿಡುವುದು ಪದ್ಧತಿ. ಆ ಭಾರದ ಸಿಲಿಂಡರನ್ನು ಆ ಮೂಲೆಗೆ ಸಾಗಿಸುವುದು ತೊಡಕೆಂದು ಆಮೇಲೆ ನೋಡೋಣವೆಂದೆ. ಅಳೆದದ್ದು ಒಂದೇ ಸಲ, ಜನವರಿಯಲ್ಲಿ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಏಕೆಂದರೆ ನಾನು ಮರೆತೆ.

ಮೊದಲ ದಿನ ಮೇಲೆ ಬಂದು ಮನೆ ಸೇರಿದಾಗ ಅವ್ವ ಬಾಗಿಲಲ್ಲೇ ಕಾದಿದ್ದಳು. ಹರಳಿನ ವಿಷಯ ಕೇಳಲಿಲ್ಲ. ಒಳಗೆ ಸೆಕೆಯೋ ತಂಪೋ, ಮೇಲಿನಿಂದ ನೀರು ತೊಟ್ಟಿಕ್ಕುತ್ತದೋ, ನಿಂತು ಹೋಗಬಹುದೋ ಬಗ್ಗಬೇಕೋ, ಊಟಕ್ಕೆ ಎಲ್ಲಿ ಕೂರುತ್ತಾರೆ ಎಂದು ಒಂದೊಂದಾಗಿ ಕೇಳಿದಳು. ಊಟಕ್ಕೆ ಕೂರುವ ಕಟ್ಟೆಯನ್ನು ಕಾಕಾ ನನಗೆ ತೋರಿಸಿದ್ದರು. ಗೋಡೆಗೆ ಬೆನ್ನು ಹಚ್ಚಿ ಕೂರುವಷ್ಟು ಸಮ ಮಾಡಿದ ಕಲ್ಲು, ಅಪ್ಪ ಕೂರುತ್ತಿದ್ದದ್ದು ಎಡಗಡೆಯ ಕೊನೆಗೆ. ಅದನ್ನು ಹೇಳಿದಾಗ ಅವ್ವ, ಮನೆಯಲ್ಲೂ ಹಾಗೇ ಗೋಡೆಗೇ ಕೂರುತ್ತಿದ್ದ ಎಂದಳು. ಆಮೇಲೆ ಪ್ರತಿ ಭಾನುವಾರವೂ ಒಂದು ಪ್ರಶ್ನೆ. ನಾನು ಅಪ್ಪನ ಗಣಿಯನ್ನು ಚೂರು ಚೂರಾಗಿ ಹೊತ್ತು ತಂದು ಅವಳ ಅಡುಗೆಮನೆಯಲ್ಲಿ ಜೋಡಿಸುತ್ತಿದ್ದೆ. ಬಯಲುಸೀಮೆಯ ಬಿಸಿಲಿನಲ್ಲಿ ಕೂತು ಇಬ್ಬರು ಹೆಂಗಸರು ಕತ್ತಲೆಯ ನಕ್ಷೆ ಬರೆಯುತ್ತಿದ್ದೆವೆನ್ನಿ.

ಇನ್ನು ಗಣಿಯೊಳಗಿನ ಗಣಿತ. ಹರಳಿನಲ್ಲಿ ದಿನಕ್ಕೆ ಎಷ್ಟು ಮಿಣಕುಗಳು ಕಂಡವು ಎಂಬುದನ್ನು ಯಂತ್ರ ಎಣಿಸಿಡುತ್ತದೆ; ನಾನು ಅದನ್ನು ತಂದು ಗೆರೆಯೆಳೆಯುತ್ತೇನೆ. ಎಲ್ಲ ಮಿಣಕೂ ಕಪ್ಪು ದ್ರವ್ಯದ್ದಲ್ಲ. ಬಂಡೆಯದು, ಸೀಸದ್ದು, ಹರಳಿನ ಒಳಗಿನದೇ ಆದ ಕಲ್ಮಶದ್ದು, ಹೀಗೆ ನೂರು ಮೂಲಗಳು. ಅವುಗಳ ನಡುವೆ ಕಪ್ಪು ದ್ರವ್ಯದ ಗುರುತು ಹಿಡಿಯುವುದು ಹೇಗೆ? ಸಿಂಧನೂರಿನಿಂದ ಮಸ್ಕಿಗೆ ಸ್ಕೂಟಿಯಲ್ಲಿ ಹೋಗಿ ನೋಡಿ, ಗಾಳಿಯಿಲ್ಲದ ದಿನವೂ ಮುಖಕ್ಕೆ ಗಾಳಿ ಬಡಿಯುತ್ತದೆ, ವೇಗ ಹೆಚ್ಚಿಸಿದರೆ ಇನ್ನೂ ಜೋರಾಗಿ. ಸೂರ್ಯ ನಮ್ಮನ್ನೆಲ್ಲ ಹೊತ್ತು ಕಪ್ಪು ದ್ರವ್ಯದ ನಡುವೆ ಓಡುತ್ತಿದ್ದಾನೆ. ಭೂಮಿ ಅವನ ಸುತ್ತ ತಿರುಗುವಾಗ ಜೂನ್ ತಿಂಗಳ ಸುಮಾರಿಗೆ ಅವನ ಓಟದ ದಿಕ್ಕಿಗೆ ಸೇರಿಕೊಂಡು ಹೆಚ್ಚು ವೇಗ ಪಡೆಯುತ್ತದೆ, ಡಿಸೆಂಬರಿನಲ್ಲಿ ಹಿಂದೆ ಸರಿಯುತ್ತದೆ. ಆದ್ದರಿಂದ ಜೂನಿನಲ್ಲಿ ಮಿಣಕು ತುಸು ಹೆಚ್ಚಿ ಡಿಸೆಂಬರಿನಲ್ಲಿ ತುಸು ತಗ್ಗಿದರೆ, ಅದು ಆ ಕಾಣದ ಗಾಳಿಯ ಸುಳಿವಾದೀತು.

ಮೊದಲ ಬೇಸಿಗೆಯಲ್ಲಿ ಗೆರೆ ಏರಿತು. ಚಳಿಗಾಲಕ್ಕೆ ಇಳಿಯಿತು. ನಾನು ಯಾರಿಗೂ ಹೇಳಲಿಲ್ಲ. ಎರಡನೆಯ ಬೇಸಿಗೆಯಲ್ಲಿ ಅದು ಮತ್ತೆ ಏರಿದಾಗ ಗುರುಗಳಿಗೆ ಕಳಿಸಿದೆ. ಇಷ್ಟು ಸಣ್ಣ ಹರಳಿಗೆ ಇಷ್ಟು ದೊಡ್ಡ ಏರಿಳಿತ ಬರಬಾರದಲ್ಲ, ಬೇರೆ ಕಡೆಯ ದೊಡ್ಡ ಶೋಧಕಗಳಿಗೆ ಕಾಣದ್ದು ನಮಗೆ ಹೇಗೆ ಕಂಡಿತು, ಕಾರಣ ಹುಡುಕು, ಅವಸರ ಬೇಡ ಎಂದು ಬರೆದರು. ಅವರು ಹೇಳಿದ್ದು ಸರಿಯೆಂದು ನನಗೆ ಗೊತ್ತಿತ್ತು. ಎರಡೂ ವರ್ಷ ಗೆರೆಯ ನೆತ್ತಿ ಜೂನಿಗಿಂತ ಎರಡು ಮೂರು ವಾರ ಮೊದಲೇ, ಮೇ ತಿಂಗಳ ನಡುವಿನಲ್ಲಿ ಬಂದದ್ದೂ ಗೊತ್ತಿತ್ತು. ಅಳತೆಯಲ್ಲಿ ಅಷ್ಟು ಹೆಚ್ಚುಕಡಿಮೆ ಇದ್ದದ್ದೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆಸೆಯ ಸ್ವಭಾವ ನಿಮಗೂ ಗೊತ್ತಿರುವುದೇ. ಅದು ನಮ್ಮಿಂದ ಸುಳ್ಳು ಹೇಳಿಸುವುದಿಲ್ಲ, ಅಷ್ಟು ಒರಟಲ್ಲ. ಒಂದು ಪ್ರಶ್ನೆಯನ್ನು ನಾಳೆಗೆ ಮುಂದೂಡಿಸುತ್ತದೆ, ಅಷ್ಟೆ. ಇಪ್ಪತ್ತು ವರ್ಷ ಅದದೇ ಪಾಠ ಹೇಳಿದ, ಸಂಶೋಧನೆಯೆಂದರೆ ಪರೀಕ್ಷಾ ಕೆಲಸದ ನಡುವೆ ಕದ್ದ ಗಂಟೆಗಳೆಂದೇ ಬಾಳಿದ ಒಬ್ಬ ಉಪನ್ಯಾಸಕಿಗೆ, ಗಣಿಕೆಲಸದವನ ಮಗಳಿಗೆ, ಒಂದು ಗೆರೆ ತನ್ನಷ್ಟಕ್ಕೆ ತಾನೇ ಏರುವುದನ್ನು ಕಂಡರೆ ಏನಾಗುತ್ತದೆ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ. ಯಾರಿಗೂ ಹೇಳಬೇಡಿ ಎಂದು ನಮ್ಮ ಪ್ರಿನ್ಸಿಪಾಲರಿಗೆ ಮಾತ್ರ ಗೆರೆಯ ವಿಷಯ ಹೇಳಿದೆ. ಒಳ್ಳೆಯ ಮನುಷ್ಯರು, ಕಾಲೇಜಿಗೆ ಹೆಸರು ಬರಲೆಂಬ ಒಂದೇ ಚಿಂತೆ ಅವರದು. ವಾರದೊಳಗೆ ಊರಿನ ಒಂದು ಸಣ್ಣ ಪತ್ರಿಕೆಯಲ್ಲಿ, ಕಪ್ಪು ದ್ರವ್ಯದ ಸುಳಿವು ಕಂಡ ಸಿಂಧನೂರಿನ ಉಪನ್ಯಾಸಕಿ ಎಂದು ಸುದ್ದಿ ಬಂತು. ಜುಲೈ ಕೊನೆಯ ಶನಿವಾರ ಸನ್ಮಾನವೆಂದು ನಿಗದಿಯಾಯಿತು. ಕಾಲೇಜಿಗೊಂದು ಹೊಸ ಪ್ರಯೋಗಾಲಯ ಬೇಕೆಂಬ ಅರ್ಜಿಯೂ ಆ ಸುದ್ದಿಯ ತುಣುಕಿನ ಜೊತೆ ಹೊರಡಲು ತಯಾರಾಯಿತು. ಗಣಿಯ ಪ್ರಯೋಗ ಮುಂದುವರಿದರೆ, ನಿವೃತ್ತಿಯ ನಂತರವೂ ಹನುಮಂತ ಕಾಕಾರನ್ನು ಅದನ್ನು ನೋಡಿಕೊಳ್ಳಲು ಇಟ್ಟುಕೊಳ್ಳಬಹುದೆಂದು ಗುರುಗಳು ಹಿಂದೊಮ್ಮೆ ಹೇಳಿದ್ದರು. ಅದನ್ನು ಕಾಕಾರಿಗೆ ನಾನು ಆಗಲೇ ಹೇಳಿಬಿಟ್ಟಿದ್ದೆ.

ಅವ್ವ ಆ ಪತ್ರಿಕೆಯನ್ನು ಮಡಚಿ ಟ್ರಂಕಿನಲ್ಲಿಟ್ಟಳು. ಅವಳಿಗೆ ಓದಲು ಬರುವುದಿಲ್ಲ. ನನ್ನ ಫೋಟೋ ಇತ್ತಲ್ಲ.

ಜೂನ್ ಕೊನೆಯ ಭಾನುವಾರ ಕಾಕಾ ಜೊತೆ ಊಟದ ಕಟ್ಟೆಯ ಮೇಲೆ ಕೂತಿದ್ದೆ. ಗೆರೆಯ ಕಾಗದ ನನ್ನ ಚೀಲದಲ್ಲಿತ್ತು, ಅವರಿಗೂ ತೋರಿಸೋಣವೆನಿಸಿತು. ತಲೆಯ ಟೋಪಿಯ ದೀಪವನ್ನು ಅದರ ಮೇಲೆ ಹಿಡಿದು, ಕೆಳಗೆ ಬರೆದ ತಿಂಗಳ ಹೆಸರುಗಳನ್ನು ಬೆರಳಿಟ್ಟು ಓದಿದರು. ಎರಡು ಏರು, ಎರಡು ಇಳಿವು. ಬಹಳ ಹೊತ್ತು ನೋಡಿದರು.

“ಯವ್ವಾ, ಇದೇನು ಗಾಳಿ ಲೆಕ್ಕ ಬರದೀಯೇನು?” ಎಂದರು.

ಯಾವ ಗಾಳಿ ಎಂದೆ. ನನ್ನ ತಲೆಯಲ್ಲಿದ್ದದ್ದು ಆಕಾಶದ ಗಾಳಿ.

“ಈ ಓಣಿ ಗಾಳಿ. ಥಂಡ್ಯಾಗ ಮ್ಯಾಲ ತಂಪಿರ್ತೈತಿ, ಒಳಗಿನ ಬೆಚ್ಚನ ಗಾಳಿ ತಾನ ಮ್ಯಾಲ ಏರಿ ಹೋಗ್ತೈತಿ, ಹೊಸಾ ಗಾಳಿ ಒಳಗ ಬರ್ತೈತಿ. ಬ್ಯಾಸಗ್ಯಾಗ ಹಂಗಾಗೂದಿಲ್ಲ. ಗಾಳಿ ಇಲ್ಲೇ ನಿಂತಬಿಡ್ತೈತಿ. ನೀ ತಗದ ಗೆರಿ ಅದರಂಗ ಐತಿ ನೋಡು.”

ಗಾಳಿ ನಿಂತರೆ ಬಂಡೆಯಿಂದ ಒಸರಿದ ರೇಡಾನ್ ಅಲ್ಲೇ ನಿಲ್ಲುತ್ತದೆ. ನಾನು ಅಳೆದದ್ದು ಜನವರಿಯಲ್ಲಿ, ಗಾಳಿ ಚೆನ್ನಾಗಿ ಹರಿಯುವಾಗ. ಗೆರೆಯ ನೆತ್ತಿ ಮೇ ನಡುವಿಗೆ ಬಂದದ್ದು ನಮ್ಮ ರಾಯಚೂರು ಸೀಮೆಯ ಬಿಸಿಲಿನ ನೆತ್ತಿ ಅಲ್ಲಿರುವುದರಿಂದ. ಎಲ್ಲ ಒಂದೇ ಉಸಿರಿನಲ್ಲಿ ಹೊಂದಿಕೊಂಡಿತು. ನಿಜ ಹೊಂದಿಕೊಳ್ಳುವಾಗ ಆಗುವ ಸುಖ ಆಗ ಆಗಲಿಲ್ಲ. ಕಾಕಾ ನನ್ನ ಮುಖ ನೋಡಿ, ತಪ್ಪು ಹೇಳಿದೆನೇನೋ ಎಂದರು. ತಪ್ಪು ಹೇಳಿಲ್ಲ, ಸರಿ ಹೇಳಿದಿರಿ, ಆದರೆ ಅದು ಸರಿಯಾದರೆ ಇಲ್ಲಿ ಏನೂ ಸಿಕ್ಕಿಲ್ಲವೆಂದಾಗುತ್ತದೆ, ಆಮೇಲೆ ಈ ಪ್ರಯೋಗ ನಡೆಯುತ್ತದೋ ಇಲ್ಲವೋ, ನಿಮ್ಮ ಕೆಲಸದ ಮಾತೂ ಹಾಗೇ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಕಾಗದವನ್ನು ಮಡಚಿ ನನ್ನ ಕೈಗೆ ಕೊಟ್ಟು, ಅದನ್ನ ನೋಡಬೇಕಲ್ಲ ಮತ್ತ, ಎಂದಷ್ಟೇ ಅಂದರು.

ನೋಡುವ ದಾರಿ ಸರಳವಿತ್ತು. ಆಮೇಲೆ ನೋಡೋಣವೆಂದು ಬಿಟ್ಟಿದ್ದ ಆ ಸಾರಜನಕದ ಸಿಲಿಂಡರನ್ನು ತಂದು ಪೆಟ್ಟಿಗೆಯೊಳಗೆ ಹರಿಸುವುದು. ರೇಡಾನ್ ಹೊರಗೆ ಹೋದಮೇಲೂ ಮಿಣಕುಗಳು ಹೆಚ್ಚೇ ಇದ್ದರೆ ಅದು ಬೇರೆ ಸಂಗತಿ, ಚಳಿಗಾಲದ ಮಟ್ಟಕ್ಕೆ ಇಳಿದರೆ ಕತೆ ಮುಗಿಯಿತು. ನಾನು ಪ್ರಿನ್ಸಿಪಾಲರ ಬಳಿ ಹೋಗಿ ಅನುಮಾನವನ್ನು ತಿಳಿಸಿದೆ. ಅವರು ಗಾಬರಿಯಾಗಲಿಲ್ಲ, ಸಿಟ್ಟೂ ಆಗಲಿಲ್ಲ. ಕಾರ್ಯಕ್ರಮ ಒಂದು ಮುಗಿದುಹೋಗಲಿ, ಆಮೇಲೆ ಪರೀಕ್ಷಿಸಿ ನೋಡಿದರಾಯಿತು, ಈಗ ಅನುಮಾನ ಅನುಮಾನವೇ ಅಲ್ಲವೇ ಎಂದರು. ಆ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟವಿತ್ತು. ನೋಡುವವರೆಗೆ ನಾನು ಸುಳ್ಳು ಹೇಳಿದಂತೆಯೂ ಆಗುವುದಿಲ್ಲ. ನಿಜವಾಗಿ ಹೇಳುತ್ತೇನೆ, ನಾಲ್ಕು ದಿನ ನಾನು ಸಿಲಿಂಡರಿಗಾಗಿ ಯಾರಿಗೂ ಫೋನು ಮಾಡಲಿಲ್ಲ. ಐದನೆಯ ದಿನ ಕಾಕಾ ತಾವೇ ಫೋನು ಮಾಡಿದರು. “ನಾ ಇರೂದು ಈ ತಿಂಗಳಷ್ಟ. ಈಗ ತರಸಿದ್ರ ನಾ ಹೊತ್ತು ಒಳಗ ಇಟ್ಟ ಕೊಡ್ತೀನಿ,” ಎಂದರು.

ಅವರು ಹೊತ್ತರು. ಅನುಮತಿ ಪಡೆದು, ಇನ್ನಿಬ್ಬರನ್ನು ಕೂಡಿಸಿಕೊಂಡು, ಸಿಲಿಂಡರನ್ನು ಸುರಂಗದ ಕೊನೆಯವರೆಗೆ ಉರುಳಿಸಿ, ಎತ್ತಿ, ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿದರು. ಎರವಲು ತಂದ ರೇಡಾನ್ ಮೀಟರನ್ನು ನಾನು ಪಕ್ಕದಲ್ಲಿಟ್ಟೆ. ಜನವರಿಯಲ್ಲಿ ಕಂಡದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ತೋರಿಸಿತು. ಸಾರಜನಕ ಹರಿಯತೊಡಗಿತು. ಮಳೆಯ ಮೋಡ ಕವಿದಿದ್ದ ಮುಂದಿನ ಭಾನುವಾರ ಇಳಿದು ಲೆಕ್ಕ ತೆಗೆದೆ. ಮಿಣಕುಗಳು ನೇರವಾಗಿ ಚಳಿಗಾಲದ ಮಟ್ಟಕ್ಕೆ ಬಂದು ನಿಂತಿದ್ದವು. ಇನ್ನೊಂದು ವಾರ ಬಿಟ್ಟು ನೋಡಿದೆ. ಅಲ್ಲೇ ಇದ್ದವು, ಅಲುಗದೆ.

ನಾನು ಸೀಸದ ಗೋಡೆಯ ಪಕ್ಕ ಕೂತೆ. ಕಾಕಾ ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಸುರಂಗದ ಕೊನೆಯ ಗೋಡೆಯನ್ನು ಅಂಗೈಯಿಂದ ಒಮ್ಮೆ ತಟ್ಟಿದರು. ನನಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಆಗ ಹೇಳಿದರು.

“ಈ ಓಣಿ ಹೊಡದವ್ರು ನಾನು, ನಿಮ್ಮಪ್ಪ. ಬಂಗಾರ ಈ ಕಡಿ ಹೊಂಟೈತಿ ಅಂತಿದ್ರು. ಹೊಡಕೋತ ಹೊಡಕೋತ ಬಂದ್ವಿ. ಬರೇ ಕಲ್ಲು.”

ಅಪ್ಪ ಏನೆಂದ ಎಂದು ಕೇಳಿದೆ.

“ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಬಾಜೂ ಓಣಿಗೆ ಹ್ವಾದ. ಇಲ್ಲಿಲ್ಲ ಅಂತ ನಕಾಶಿದಾಗ ಬರಕೊಂಡ್ರು. ಆಮ್ಯಾಲ ಯಾರೂ ಇಲ್ಲಿ ಹೊಡೀಲಿಲ್ಲ.”

ಗಣಿಯ ನಕಾಶೆಯನ್ನು ನಾನು ಎಷ್ಟೋ ಸಲ ನೋಡಿದ್ದೆ. ಅದರಲ್ಲಿ ಬಂಗಾರ ಸಿಕ್ಕ ಸುರಂಗಗಳೂ ಇವೆ, ಸಿಗದವೂ ಇವೆ, ಸಿಗದವುಗಳನ್ನು ಅಳಿಸಿಹಾಕಿಲ್ಲ. ಮುಂದೆ ಬರುವವನಿಗೆ ಎರಡೂ ಬೇಕು. ಅಪ್ಪನ ಆ ಎರಡು ದಿನದ ಮೌನವನ್ನು ನಾನು ಬಹುಶಃ ಮನೆಯಲ್ಲಿ ಕಂಡಿರಬೇಕು, ಯಾವುದೋ ಸಂಜೆ ಅವನು ಗೋಡೆಗೆ ಬೆನ್ನು ಹಚ್ಚಿ ಕೂತಿದ್ದಾಗ, ಏನೂ ತಿಳಿಯದೆ ಪಕ್ಕದಲ್ಲೇ ಮಗ್ಗಿ ಬರೆಯುತ್ತಿದ್ದಿರಬೇಕು. ಅಪ್ಪ ಬರಿಗೈಯಲ್ಲಿ ಬಿಟ್ಟುಹೋದ ಕಲ್ಲಿನ ಪೊಟರೆಯಲ್ಲೇ ನನ್ನ ಹರಳು ಒಂದೂವರೆ ವರ್ಷ ಕಾದಿತ್ತು. ಅದೊಂದು ಸಮಾಧಾನವೆಂದು ಆ ಹೊತ್ತಿಗೆ ಅನಿಸಲಿಲ್ಲ. ಎದ್ದು ಸಾಮಾನು ಕಟ್ಟಿಕೊಂಡು ಮೇಲೆ ಬಂದೆ.

ಗುರುಗಳಿಗೆ ಬರೆದಾಗ ಅವರು, ಚೆನ್ನಾಗಿ ಮಾಡಿದೆ, ಪೂರ್ತಿ ವರದಿ ಬರಿ, ಮೊದಲು ಅಳೆಯದೆ ಬಿಟ್ಟದ್ದನ್ನೂ ಬರಿ ಎಂದರು. ಪ್ರಿನ್ಸಿಪಾಲರಿಗೆ ಕಾಗದ ತೋರಿಸಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮಂತ್ರಣಗಳು ಹೋಗಿಯಾಗಿತ್ತು. ಕೊನೆಗೆ ನಾವು ಒಪ್ಪಿದ್ದು ಇಷ್ಟು: ಸನ್ಮಾನ ಬೇಡ, ಸಭೆ ನಡೆಯಲಿ, ನಾನು ಆದದ್ದನ್ನು ಹೇಳುತ್ತೇನೆ. ಪ್ರಯೋಗಾಲಯದ ಅರ್ಜಿಯಿಂದ ಆ ಪತ್ರಿಕೆಯ ತುಣುಕನ್ನು ಅವರೇ ಕಳಚಿದರು.

ಶನಿವಾರ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಅವ್ವ ಇಲಕಲ್ ಸೀರೆಯುಟ್ಟು ಕೂತಿದ್ದಳು. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಅವಳಿಗೆ ಹೇಳಲು ಹೊರಟಿದ್ದೆ. ನಾಳೆ ಹೇಳ್ತೀಯಲ್ಲ, ಎಲ್ಲರ ಜೊತೆ ಕೇಳುತ್ತೇನೆ ಎಂದಿದ್ದಳು. ಕೊನೆಯ ಸಾಲಿನಲ್ಲಿ ಹನುಮಂತ ಕಾಕಾ. ಅಂದಿಗೆ ಅವರ ಕೆಲಸಕ್ಕೆ ಉಳಿದದ್ದು ನಾಲ್ಕೇ ದಿನ. ಎರಡು ಗೆರೆಗಳನ್ನು ಪರದೆಯ ಮೇಲೆ ತೋರಿಸಿದೆ, ಏರಿಳಿದದ್ದು ಮತ್ತು ಸಾರಜನಕ ಹರಿಸಿದ ಮೇಲೆ ಅಲುಗದೆ ನಿಂತದ್ದು. ಮೊದಲನೆಯದನ್ನು ತೋರಿಸಿದಾಗ ಜನ ಚಪ್ಪಾಳೆ ತಟ್ಟಿದರು. ಕಪ್ಪು ದ್ರವ್ಯ ಸಿಕ್ಕಿಲ್ಲ, ಸಿಕ್ಕಿತೆಂದು ನಾನು ಅಂದುಕೊಂಡದ್ದು ತಪ್ಪು, ಒಂದು ಅಳತೆಯನ್ನು ಒಂದೂವರೆ ವರ್ಷ ಮುಂದೂಡಿದ್ದು ನನ್ನ ತಪ್ಪು, ಅದನ್ನು ಹಿಡಿದವರು ಅಲ್ಲಿ ಹಿಂದೆ ಕೂತಿದ್ದಾರೆ ಎಂದು ಹೇಳಿ ಮುಗಿಸಿದಾಗ ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ನಡುವಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು, ಹಾಗಾದರೆ ಅದು ಇಲ್ಲವೇ ಇಲ್ಲವೇನು ಎಂದು ಕೇಳಿದರು. ಗೊತ್ತಿಲ್ಲ, ಇದ್ದರೂ ನಮ್ಮ ಹರಳಿಗೆ ಕಾಣುವಷ್ಟು ಜೋರಾಗಿ ತಾಗುವಂಥದ್ದಲ್ಲ, ಅಷ್ಟು ಮಾತ್ರ ಗೊತ್ತಾಯಿತು ಎಂದೆ. ಅವರು ತಲೆಯಾಡಿಸಿ ಕೂತರು.

ಪ್ರಿನ್ಸಿಪಾಲರಿಗೆ ಏನನಿಸಿತೋ, ತರಿಸಿಟ್ಟಿದ್ದ ಶಾಲನ್ನು ಎತ್ತಿಕೊಂಡು ಹಿಂದಿನ ಸಾಲಿನವರೆಗೂ ನಡೆದುಹೋಗಿ ಹನುಮಂತ ಕಾಕಾರ ಮುಂದೆ ನಿಂತರು. ಕಾಕಾ ಎದ್ದು ನಿಂತು ಎರಡೂ ಕೈ ಅಡ್ಡ ಮಾಡಿದರು. “ನನಗ ಬ್ಯಾಡ್ರಿ ಸರ. ಗಾಳಿ ತಿರಗೂದು ಒಳಗ ಇಳದವ್ರಿಗೆಲ್ಲಾ ಗೊತ್ತೈತ್ರಿ,” ಎಂದರು. ಎಷ್ಟು ಹೇಳಿದರೂ ಹೊದೆಸಿಕೊಳ್ಳಲಿಲ್ಲ. ಆ ಶಾಲು ಈಗಲೂ ಕಾಲೇಜಿನ ಕಪಾಟಿನಲ್ಲಿದೆ.

ಪ್ರಯೋಗ ನಿಲ್ಲಲಿಲ್ಲ, ದೊಡ್ಡದೂ ಆಗಲಿಲ್ಲ. ಆ ಮೂಲೆ ಎಂಥದ್ದೆಂದು ಈಗ ಸರಿಯಾಗಿ ಗೊತ್ತಾದ್ದರಿಂದ ಇನ್ನೊಂದು ವರ್ಷ ಅಳೆಯಲು ಹೇಳಿದ್ದಾರೆ. ಕಾಕಾರನ್ನು ಇಟ್ಟುಕೊಳ್ಳಲು ಆಗಲಿಲ್ಲ; ಅವರು ಈಗ ಲಿಂಗಸುಗೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ, ಬಸ್ಸು ಬದಲಿಸುವಾಗ ಒಮ್ಮೊಮ್ಮೆ ನಿಲ್ದಾಣಕ್ಕೆ ಬಂದು ಚಹಾ ಕುಡಿಸಿ, ಗಾಳಿ ಹ್ಯಾಂಗೈತಿ ಎಂದು ಕೇಳುತ್ತಾರೆ. ಸಿಗದ್ದನ್ನು ಹುಡುಕುವುದರಲ್ಲಿ ದೊಡ್ಡಸ್ತಿಕೆಯೇನಿಲ್ಲ. ಎಲ್ಲಿ ಇಲ್ಲವೆಂಬುದನ್ನು ಗುರುತು ಹಾಕಿಡುವುದು ಕೆಲಸ, ಯಾರಾದರೂ ಮಾಡಬೇಕು, ನಮ್ಮ ಪಾಲಿಗೆ ಬಂದಷ್ಟನ್ನು ನಾವು ಮಾಡಿದೆವು. ಇಷ್ಟನ್ನು ಈಗ ಸಲೀಸಾಗಿ ಬರೆಯುತ್ತಿದ್ದೇನೆ. ಸಭೆ ಮುಗಿದ ಆ ಮಧ್ಯಾಹ್ನ ಆಟೋದಲ್ಲಿ ಮನೆಗೆ ಬರುವಾಗ ಅವ್ವನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಮರುದಿನ ಭಾನುವಾರವಾದರೂ ಹಟ್ಟಿಗೆ ಹೋಗದೆ, ಬೆಳಿಗ್ಗೆ ನಾನು ಒಳಗೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅವ್ವ ಬಾಗಿಲ ಮುಂದೆ ನೀರು ಚಿಮುಕಿಸುತ್ತಿದ್ದಳು. ಸಭೆಗೆ ಬಾರದಿದ್ದ ಎದುರುಮನೆಯಾಕೆ ಗೇಟಿನ ಹತ್ತಿರ ನಿಂತು, ನಿಮ್ಮ ಮಗಳಿಗೆ ಅದೇನೋ ಸಿಕ್ಕಿದೆಯಂತಲ್ಲ, ದೊಡ್ಡ ಸಭೆ ಮಾಡಿದರಂತಲ್ಲ ಎಂದು ಕೇಳಿದಳು. ನನ್ನ ಪೆನ್ನು ನಿಂತಿತು. ಅವ್ವ ಚಂಬನ್ನು ಕೆಳಗಿಟ್ಟ ಸದ್ದು ಕೇಳಿಸಿತು.

“ಸಿಕ್ಕಿಲ್ಲ,” ಎಂದಳು ಅವ್ವ. “ಸಿಕ್ಕೈತಿ ಅಂತ ಊರೆಲ್ಲ ಅಂತು. ಈಕಿ ತಾನ ಹೋಗಿ ನೋಡಿ ಬಂದು, ಇಲ್ಲ ಅಂದ್ಲು.”

ದನಿ ತಗ್ಗಿಸಿ ಹೇಳಲಿಲ್ಲ. ಆಚೆಮನೆಯವರಿಗೂ ಕೇಳುವಂತೆ ಹೇಳಿದಳು.